ಹಾರ್ವರ್ಡ್ ಕೆನಡಿ ಸ್ಕೂಲ್ ಮತ್ತು ಅಂತರರಾಷ್ಟ್ರೀಯ ಅಭಿವೃದ್ಧಿ

ಹಾರ್ವರ್ಡ್ ಕೆನಡಿ ಸ್ಕೂಲ್ ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿರುವ ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ನೀತಿ ವಿಭಾಗವಾಗಿದೆ. ಹೆಸರಿನಲ್ಲಿ ‘ಸ್ಕೂಲ್’ ಎಂದಿದ್ದರೂ ಇದು ಮಕ್ಕಳ ಪಾಠಶಾಲೆಯಲ್ಲ. ಪದವಿ ಮುಗಿಸಿದವರಿಗೆ, ಅದರಲ್ಲೂ ಸರ್ಕಾರಿ ಸೇವೆಯಲ್ಲಿ ಕೆಲವು ವರ್ಷ ದುಡಿದವರಿಗೆ, ಆಡಳಿತ, ಅರ್ಥಶಾಸ್ತ್ರ ಮತ್ತು ರಾಜನೀತಿಯ ಉನ್ನತ ಶಿಕ್ಷಣ ನೀಡುವ ಸಂಸ್ಥೆ ಇದು. ಅಮೆರಿಕದ ಆಡಳಿತಗಾರರನ್ನು ತರಬೇತುಗೊಳಿಸಲೆಂದು ಹುಟ್ಟಿದ ಈ ಸಂಸ್ಥೆ ಕಾಲಕ್ರಮೇಣ ಅನ್ಯ ದೇಶಗಳ ಯೋಜನೆ, ಬಡತನ ನಿರ್ಮೂಲನ, ಶಸ್ತ್ರಾಸ್ತ್ರ ನಿಯಂತ್ರಣ ಮೊದಲಾದ ವಿಷಯಗಳಲ್ಲಿ ತೊಡಗಿಕೊಂಡಿತು. ದೂರದ ದೇಶಕ್ಕೆ ಸಲಹೆ ನೀಡುವವನ ಹೊಣೆ ಎಷ್ಟರವರೆಗೆ ಎಂಬ ಪ್ರಶ್ನೆ ಈ ಸಂಸ್ಥೆಯ ಇತಿಹಾಸದುದ್ದಕ್ಕೂ ಮತ್ತೆ ಮತ್ತೆ ಎದ್ದಿದೆ.

ಸ್ಥಾಪನೆ

ಸಂಸ್ಥೆಯು 1936ರಲ್ಲಿ ‘ಗ್ರ್ಯಾಜುಯೇಟ್ ಸ್ಕೂಲ್ ಆಫ್ ಪಬ್ಲಿಕ್ ಅಡ್ಮಿನಿಸ್ಟ್ರೇಷನ್’ ಎಂಬ ಹೆಸರಿನಲ್ಲಿ ಸ್ಥಾಪನೆಯಾಯಿತು. ಕೈಗವಸಿನ ಉದ್ಯಮಿಯೂ ಅಮೆರಿಕ ಸಂಸತ್ತಿನ ಮಾಜಿ ಸದಸ್ಯನೂ ಆಗಿದ್ದ ಲೂಷಿಯಸ್ ಲಿಟೌವರ್ ನೀಡಿದ 20 ಲಕ್ಷ ಡಾಲರುಗಳ ದತ್ತಿಯೇ ಇದರ ಮೂಲಧನ. ಆರ್ಥಿಕ ಮಹಾಕುಸಿತದಿಂದ ಅಮೆರಿಕ ಇನ್ನೂ ಚೇತರಿಸಿಕೊಳ್ಳುತ್ತಿದ್ದ, ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರಕ್ಕೆ ನುರಿತ ಅಧಿಕಾರಿಗಳು ಹೇರಳವಾಗಿ ಬೇಕಾಗಿದ್ದ ಕಾಲವದು. 1963ರಲ್ಲಿ ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಹತ್ಯೆಯಾದ ಬಳಿಕ, 1966ರಲ್ಲಿ, ಸಂಸ್ಥೆಗೆ ಅವರ ಹೆಸರನ್ನಿಡಲಾಯಿತು. ಹಾರ್ವರ್ಡ್ ಕೆನಡಿಯವರು ಓದಿದ ವಿಶ್ವವಿದ್ಯಾಲಯವೂ ಹೌದು.

ಕರಾಚಿಯಿಂದ ಆರಂಭ

ಅಂತರರಾಷ್ಟ್ರೀಯ ಅಭಿವೃದ್ಧಿಯ ಕ್ಷೇತ್ರಕ್ಕೆ ಈ ಸಂಸ್ಥೆಯನ್ನು ಎಳೆದು ತಂದವರು ಎಡ್ವರ್ಡ್ ಮೇಸನ್. ಅರ್ಥಶಾಸ್ತ್ರಜ್ಞರಾಗಿದ್ದ ಮೇಸನ್ 1947ರಿಂದ 1958ರವರೆಗೆ ಇದರ ಡೀನ್ ಆಗಿದ್ದರು. 1954ರಲ್ಲಿ, ಫೋರ್ಡ್ ಪ್ರತಿಷ್ಠಾನದ ಹಣಕಾಸಿನ ನೆರವಿನಿಂದ, ಅವರ ಮೇಲ್ವಿಚಾರಣೆಯಲ್ಲಿ ಹಾರ್ವರ್ಡಿನ ಸಲಹೆಗಾರರ ತಂಡವೊಂದು ಕರಾಚಿಗೆ ತೆರಳಿ ಪಾಕಿಸ್ತಾನದ ಯೋಜನಾ ಮಂಡಳಿಯೊಡನೆ ಕೆಲಸಕ್ಕೆ ತೊಡಗಿತು. ಅಲ್ಲಿಯ ಮೊದಲ ಪಂಚವಾರ್ಷಿಕ ಯೋಜನೆಯನ್ನು ರೂಪಿಸುವಲ್ಲಿ ಈ ತಂಡದ ಪಾತ್ರವಿತ್ತು. ಹೊಸದಾಗಿ ಸ್ವತಂತ್ರವಾದ ದೇಶಗಳಲ್ಲಿ ಬಂಡವಾಳ ಹೂಡಿಕೆಯ ಲೆಕ್ಕ ಹಾಕಬಲ್ಲ, ಯೋಜನೆಯ ಕರಡು ಬರೆಯಬಲ್ಲ ಅರ್ಥಶಾಸ್ತ್ರಜ್ಞರು ಬೆರಳೆಣಿಕೆಯಷ್ಟೇ ಇದ್ದರು. ಆ ಕೊರತೆಯನ್ನು ಹೊರಗಿನವರಿಂದ ತುಂಬಿಸಬಹುದೆಂಬ ನಂಬಿಕೆ ಅಂದು ಸಾರ್ವತ್ರಿಕವಾಗಿತ್ತು.

1960ರ ದಶಕದಲ್ಲಿ ಪಾಕಿಸ್ತಾನದ ಆರ್ಥಿಕತೆ ವೇಗವಾಗಿ ಬೆಳೆಯಿತು. ಬೆಳವಣಿಗೆಯ ಆರಂಭದ ಹಂತದಲ್ಲಿ ಒಂದಿಷ್ಟು ಅಸಮಾನತೆಯನ್ನು ಸಹಿಸಿಕೊಳ್ಳಬೇಕಾಗುತ್ತದೆ ಎಂಬ ವಾದವನ್ನು ಯೋಜನೆಯ ವಲಯದಲ್ಲಿ ಅನೇಕರು ಒಪ್ಪಿದ್ದರು. ಆದರೆ ಪೂರ್ವ ಮತ್ತು ಪಶ್ಚಿಮ ಪಾಕಿಸ್ತಾನಗಳ ನಡುವಿನ ಅಂತರ ಹಿಗ್ಗುತ್ತಲೇ ಹೋಯಿತು. ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಮಹಬೂಬ್ ಉಲ್ ಹಕ್ ಅವರೇ 1968ರಲ್ಲಿ ಭಾಷಣವೊಂದರಲ್ಲಿ, ದೇಶದ ಕೈಗಾರಿಕೆ, ಬ್ಯಾಂಕು ಮತ್ತು ವಿಮೆಯ ಬಹುಪಾಲು 22 ಕುಟುಂಬಗಳ ಹಿಡಿತದಲ್ಲಿದೆ ಎಂದು ಬಹಿರಂಗವಾಗಿ ಹೇಳಿದರು. ‘22 ಕುಟುಂಬಗಳು’ ಎಂಬುದು ಪಾಕಿಸ್ತಾನದ ರಾಜಕೀಯದಲ್ಲಿ ಘೋಷಣೆಯೇ ಆಗಿಹೋಯಿತು. ಹಾರ್ವರ್ಡಿನ ತಂಡವು 1970ರಲ್ಲಿ ಅಲ್ಲಿಂದ ನಿರ್ಗಮಿಸಿತು. ಮರುವರ್ಷವೇ ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಯಿತು. ಈ ಒಡಕಿಗೆ ಭಾಷೆಯಿಂದ ಹಿಡಿದು ಸೇನಾಡಳಿತದವರೆಗೆ ಹಲವು ಕಾರಣಗಳಿದ್ದವು. ಅದನ್ನು ಸಲಹೆಗಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಸರಾಸರಿ ವರಮಾನದ ಅಂಕಿಯೊಂದನ್ನೇ ನೋಡಿ ದೇಶದ ಆರೋಗ್ಯವನ್ನು ನಿರ್ಧರಿಸುವ ಪದ್ಧತಿಯ ದೋಷವನ್ನು ಆ ಅನುಭವ ಎತ್ತಿ ತೋರಿಸಿತು. ಮುಂದೆ ಹಕ್ ಅವರ ನೇತೃತ್ವದಲ್ಲಿಯೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1990ರಲ್ಲಿ ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿತು. ವರಮಾನದ ಜೊತೆಗೆ ಆಯುಸ್ಸು ಮತ್ತು ಅಕ್ಷರಜ್ಞಾನವನ್ನೂ ಅಳೆಯುವ ಸೂಚ್ಯಂಕ ಲೋಕಕ್ಕೆ ಪರಿಚಯವಾದದ್ದು ಆ ವರದಿಯಿಂದಲೇ.

ವೃತ್ತಿನಿರತ ಅಧಿಕಾರಿಗಳು

1950ರ ದಶಕದ ಕೊನೆಯಲ್ಲಿ ಅಭಿವೃದ್ಧಿಶೀಲ ದೇಶಗಳ ಅಧಿಕಾರಿಗಳಿಗಾಗಿಯೇ ಪ್ರತ್ಯೇಕ ಅಧ್ಯಯನ ಕಾರ್ಯಕ್ರಮವೊಂದು ಆರಂಭವಾಯಿತು. ಇದು ಇಂದು ಮೇಸನ್ ಫೆಲೋಗಳ ಕಾರ್ಯಕ್ರಮವೆಂದು ಪ್ರಸಿದ್ಧವಾಗಿದೆ. ಹಲವು ವರ್ಷ ಸೇವೆ ಸಲ್ಲಿಸಿದ ಅಧಿಕಾರಿಗಳು ತಮ್ಮ ದೇಶದ ಕಚೇರಿಯನ್ನು ಬಿಟ್ಟು ಬಂದು ಇಲ್ಲಿ ಒಂದು ವರ್ಷ ವಿದ್ಯಾರ್ಥಿಗಳಾಗುತ್ತಾರೆ. ಭಾರತೀಯ ಆಡಳಿತ ಸೇವೆಯ ಅನೇಕ ಅಧಿಕಾರಿಗಳೂ ಈ ದಾರಿಯಲ್ಲಿ ಹೋಗಿ ಬಂದಿದ್ದಾರೆ. ತರಗತಿಯ ಪಾಠದಷ್ಟೇ ಬೆಲೆಬಾಳುವುದು ಪಕ್ಕದ ಆಸನದಲ್ಲಿ ಕುಳಿತ ಮತ್ತೊಂದು ದೇಶದ ಅಧಿಕಾರಿಯ ಅನುಭವ.

ಲೈಬೀರಿಯಾದ ಎಲೆನ್ ಜಾನ್ಸನ್ ಸರ್‌ಲೀಫ್ 1971ರಲ್ಲಿ ಇಲ್ಲಿಂದ ಪದವಿ ಪಡೆದರು. ಮುಂದೆ ಅವರು ಆಫ್ರಿಕದ ದೇಶವೊಂದಕ್ಕೆ ಅಧ್ಯಕ್ಷರಾಗಿ ಚುನಾಯಿತರಾದ ಮೊದಲ ಮಹಿಳೆಯಾದರು. 2011ರ ನೊಬೆಲ್ ಶಾಂತಿ ಪುರಸ್ಕಾರದಲ್ಲಿ ಅವರಿಗೂ ಪಾಲಿತ್ತು. ಸಿಂಗಪುರದ ಪ್ರಧಾನಿಯಾಗಿದ್ದ ಲೀ ಸಿಯನ್ ಲೂಂಗ್, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬಾನ್ ಕಿ ಮೂನ್, ಭೂತಾನದ ಪ್ರಧಾನಿ ತ್ಸೆರಿಂಗ್ ತೋಬ್ಗೆ, ಮಾಲ್ಡೋವಾದ ಅಧ್ಯಕ್ಷೆ ಮಾಯಾ ಸಾಂಡು ಇವರೂ ಇಲ್ಲಿಯ ಹಳೆಯ ವಿದ್ಯಾರ್ಥಿಗಳು. ಇಂತಹ ಪಟ್ಟಿಗಳನ್ನು ಪ್ರಕಟಿಸುವುದರಲ್ಲಿ ವಿಶ್ವವಿದ್ಯಾಲಯಗಳಿಗೆ ಸಹಜವಾಗಿಯೇ ಉತ್ಸಾಹ ಹೆಚ್ಚು. ಆದರೆ ಇದೇ ಪಟ್ಟಿಯಲ್ಲಿ ಈಕ್ವೆಡಾರಿನ ಜಮೀಲ್ ಮಾವಾದ್ ಅವರ ಹೆಸರೂ ಇದೆ. 1998ರಲ್ಲಿ ಅಧ್ಯಕ್ಷರಾದ ಅವರು ಬ್ಯಾಂಕುಗಳ ಕುಸಿತವನ್ನು ಎದುರಿಸಲಾರದೆ, 2000ದ ಜನವರಿಯಲ್ಲಿ ದೇಶದ ನಾಣ್ಯವನ್ನೇ ಕೈಬಿಟ್ಟು ಅಮೆರಿಕದ ಡಾಲರನ್ನು ಸ್ವೀಕರಿಸುವ ನಿರ್ಧಾರ ಪ್ರಕಟಿಸಿದರು. ಅದೇ ತಿಂಗಳಲ್ಲಿ ಅಧಿಕಾರದಿಂದ ಉರುಳಿದರು.

ಜಾಗತಿಕ ಭದ್ರತೆ

ಕೆನಡಿ ಸ್ಕೂಲಿನ ಬೆಲ್ಫರ್ ಕೇಂದ್ರವು ಪರಮಾಣು ಶಸ್ತ್ರಗಳು, ರಾಜತಂತ್ರ ಮತ್ತು ವಿಜ್ಞಾನ ನೀತಿಯನ್ನು ಕುರಿತು ಅಧ್ಯಯನ ನಡೆಸುತ್ತದೆ. ಜೀವರಸಾಯನ ವಿಜ್ಞಾನಿ ಪಾಲ್ ಡೋಟಿ 1970ರ ದಶಕದಲ್ಲಿ ಇದಕ್ಕೆ ತಳಹದಿ ಹಾಕಿದರು. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ 1991ರಲ್ಲಿ, ಅಲ್ಲಿಯ ಅಣ್ವಸ್ತ್ರಗಳು ಯಾರ ಕೈಗೆ ಸೇರಬಹುದೆಂಬ ಬಗ್ಗೆ ಈ ಕೇಂದ್ರದ ವಿದ್ವಾಂಸರು ಸಿದ್ಧಪಡಿಸಿದ ಅಧ್ಯಯನವು ಅಮೆರಿಕದ ಸೆನೆಟರುಗಳಾದ ಸ್ಯಾಮ್ ನನ್ ಮತ್ತು ರಿಚರ್ಡ್ ಲೂಗರ್ ಅವರ ಶಾಸನಕ್ಕೆ ಬೆಂಬಲವಾಯಿತು. ಆ ಶಾಸನದಡಿ ದೊರೆತ ಹಣ ಮತ್ತು ತಾಂತ್ರಿಕ ನೆರವಿನಿಂದ ಹಳೆಯ ಸೋವಿಯತ್ ಶಸ್ತ್ರಾಸ್ತ್ರಗಳನ್ನು ಕಳಚುವ ಕೆಲಸ ನಡೆಯಿತು. ಯುಕ್ರೇನ್, ಬೆಲಾರೂಸ್ ಮತ್ತು ಕಜಾಕಸ್ತಾನಗಳು 1996ರ ವೇಳೆಗೆ ತಮ್ಮ ನೆಲದಲ್ಲಿದ್ದ ಅಣ್ವಸ್ತ್ರಗಳನ್ನೆಲ್ಲ ರಷ್ಯಾಕ್ಕೆ ಒಪ್ಪಿಸಿದವು. ಅಧ್ಯಯನದ ಲೇಖಕರಲ್ಲಿ ಒಬ್ಬರಾದ ಆಶ್ಟನ್ ಕಾರ್ಟರ್ ಮುಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾದರು. 1995ರಿಂದ 2004ರವರೆಗೆ ಡೀನ್ ಆಗಿದ್ದ ಜೋಸೆಫ್ ನೈ, ಬಲಪ್ರಯೋಗವಿಲ್ಲದೆ ಆಕರ್ಷಣೆಯಿಂದಲೇ ಇತರ ದೇಶಗಳನ್ನು ಒಲಿಸಿಕೊಳ್ಳುವ ‘ಸಾಫ್ಟ್ ಪವರ್’ ಎಂಬ ಪರಿಕಲ್ಪನೆಗಾಗಿ ಹೆಸರಾದವರು. ಮಾನವ ಹಕ್ಕುಗಳ ನೀತಿಗಾಗಿ 1999ರಲ್ಲಿ ಕಾರ್ ಕೇಂದ್ರ ಸ್ಥಾಪನೆಯಾಯಿತು.

ರಷ್ಯಾ ಪ್ರಕರಣ

ಪಾಕಿಸ್ತಾನದ ಕೆಲಸದಿಂದ ಬೆಳೆದ ಸಲಹಾ ಚಟುವಟಿಕೆಯು 1962ರಲ್ಲಿ ‘ಡೆವಲಪ್‌ಮೆಂಟ್ ಅಡ್ವೈಸರಿ ಸರ್ವಿಸ್’ ಎಂಬ ವ್ಯವಸ್ಥಿತ ರೂಪ ಪಡೆಯಿತು. 1974ರಲ್ಲಿ ಅದು ಹಾರ್ವರ್ಡ್ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯಾಗಿ ಪರಿವರ್ತನೆಗೊಂಡು ಇಂಡೊನೇಷ್ಯಾ, ಕೀನ್ಯಾ ಮೊದಲಾದ ದೇಶಗಳಲ್ಲಿ ಕೆಲಸ ಮಾಡಿತು. ಇದು ಕೆನಡಿ ಸ್ಕೂಲಿನ ಅಂಗವಾಗಿರಲಿಲ್ಲ, ಇಡೀ ವಿಶ್ವವಿದ್ಯಾಲಯಕ್ಕೆ ಸೇರಿದ್ದಾಗಿತ್ತು. ಆದರೂ ಇದರ ಅಂತ್ಯವೇ ಕೆನಡಿ ಸ್ಕೂಲಿನ ಇಂದಿನ ಅಭಿವೃದ್ಧಿ ವಿಭಾಗದ ಹುಟ್ಟಿನೊಡನೆ ಹೆಣೆದುಕೊಂಡಿರುವುದರಿಂದ ಇಲ್ಲಿ ವಿವರಿಸುವುದು ಅಗತ್ಯ.

ಸೋವಿಯತ್ ಒಕ್ಕೂಟದ ಪತನದ ನಂತರ, ರಷ್ಯಾದಲ್ಲಿ ಸರ್ಕಾರಿ ಉದ್ದಿಮೆಗಳ ಖಾಸಗೀಕರಣ ಮತ್ತು ಷೇರು ಮಾರುಕಟ್ಟೆಯ ಸ್ಥಾಪನೆಗೆ ಸಲಹೆ ನೀಡುವ ಗುತ್ತಿಗೆಯನ್ನು ಅಮೆರಿಕದ ಅಂತರರಾಷ್ಟ್ರೀಯ ಅಭಿವೃದ್ಧಿ ನೆರವಿನ ಸಂಸ್ಥೆಯಾದ ಯುಎಸ್‌ಏಡ್ ಹಾರ್ವರ್ಡಿಗೆ ವಹಿಸಿತು. ಸಲಹೆಗಾರರು ರಷ್ಯಾದಲ್ಲಿ ಸ್ವಂತ ಹೂಡಿಕೆ ಮಾಡಬಾರದೆಂಬ ನಿಬಂಧನೆ ಇತ್ತು. ಯೋಜನೆಯನ್ನು ನಿರ್ದೇಶಿಸುತ್ತಿದ್ದ ಅರ್ಥಶಾಸ್ತ್ರ ಪ್ರಾಧ್ಯಾಪಕ ಆಂಡ್ರೇ ಶ್ಲೀಫರ್ ಮತ್ತು ಮಾಸ್ಕೋದಲ್ಲಿದ್ದ ಅವರ ಸಹೋದ್ಯೋಗಿ ಜೊನಾಥನ್ ಹೇ ಅವರ ಮೇಲೆ, ಈ ನಿಬಂಧನೆಯನ್ನು ಮೀರಿ ತಾವು ಸಲಹೆ ನೀಡುತ್ತಿದ್ದ ಕ್ಷೇತ್ರದಲ್ಲಿಯೇ ಹಣ ಹೂಡಿದರೆಂಬ ಆರೋಪ ಬಂದಿತು. 1997ರ ಮೇ ತಿಂಗಳಿನಲ್ಲಿ ಯುಎಸ್‌ಏಡ್ ಯೋಜನೆಯನ್ನು ಸ್ಥಗಿತಗೊಳಿಸಿತು. 2000ದಲ್ಲಿ ಅಮೆರಿಕ ಸರ್ಕಾರವು ವಿಶ್ವವಿದ್ಯಾಲಯದ ಮೇಲೂ ಸಲಹೆಗಾರರ ಮೇಲೂ ದಾವೆ ಹೂಡಿತು. ವಿಶ್ವವಿದ್ಯಾಲಯವು ಗುತ್ತಿಗೆಯ ಷರತ್ತನ್ನು ಉಲ್ಲಂಘಿಸಿದೆಯೆಂದೂ, ಇಬ್ಬರು ಸಲಹೆಗಾರರು ಸರ್ಕಾರವನ್ನು ವಂಚಿಸುವ ಸಂಚಿಗೆ ಹೊಣೆಗಾರರೆಂದೂ 2004ರಲ್ಲಿ ಬಾಸ್ಟನ್ನಿನ ನ್ಯಾಯಾಲಯ ತೀರ್ಮಾನಿಸಿತು. 2005ರಲ್ಲಿ ರಾಜಿಯಾಗಿ ಹಾರ್ವರ್ಡ್ 2.65 ಕೋಟಿ ಡಾಲರ್, ಶ್ಲೀಫರ್ 20 ಲಕ್ಷ ಡಾಲರ್ ತೆರಲು ಒಪ್ಪಿದರು. ರಾಜಿಯಲ್ಲಿ ತಪ್ಪೊಪ್ಪಿಗೆ ಇರಲಿಲ್ಲ.

ಹಣ ಹಿಂದಿರುಗಿದ್ದು ಅಮೆರಿಕದ ಬೊಕ್ಕಸಕ್ಕೆ ಎಂಬುದನ್ನು ಗಮನಿಸಬೇಕು. ಖಾಸಗೀಕರಣದ ವರ್ಷಗಳಲ್ಲಿ ಉಳಿತಾಯವನ್ನೂ ಉದ್ಯೋಗವನ್ನೂ ಕಳೆದುಕೊಂಡ ರಷ್ಯಾದ ಸಾಮಾನ್ಯ ಜನರು ಈ ಮೊಕದ್ದಮೆಯಲ್ಲಿ ಪಕ್ಷಕಾರರೇ ಆಗಿರಲಿಲ್ಲ. ಸಲಹೆಗಾರನಿಗೂ ಅವನ ಸಲಹೆಯ ಫಲವನ್ನು ಉಣ್ಣುವವರಿಗೂ ನಡುವೆ ಯಾವ ಕರಾರೂ ಇರುವುದಿಲ್ಲ. ಅಂತರರಾಷ್ಟ್ರೀಯ ಅಭಿವೃದ್ಧಿಯ ಕೆಲಸದ ದೊಡ್ಡ ಕೊರತೆ ಇದೇ.

ಮೊಕದ್ದಮೆ ಮುಗಿಯುವುದಕ್ಕೆ ಮುಂಚೆಯೇ, 2000ದಲ್ಲಿ, ಹಾರ್ವರ್ಡ್ ತನ್ನ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯನ್ನು ವಿಸರ್ಜಿಸಿತು. ಅಷ್ಟರಲ್ಲಿ ಕೆನಡಿ ಸ್ಕೂಲಿನಲ್ಲಿ ಜೆಫ್ರಿ ಸ್ಯಾಕ್ಸ್ ಅವರ ನಿರ್ದೇಶನದಲ್ಲಿ 1998ರಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಕೇಂದ್ರ ಆರಂಭವಾಗಿತ್ತು. ಇದರ ಒತ್ತು ಸಂಶೋಧನೆ ಮತ್ತು ಬೋಧನೆಯ ಮೇಲಿತ್ತು. 1999ರಲ್ಲಿ ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ ಅವರ ಮುಂದಾಳತ್ವದಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿಯ ಸ್ನಾತಕೋತ್ತರ ಪದವಿ ಶುರುವಾಯಿತು. ಎರಡು ವರ್ಷದ ಈ ಶಿಕ್ಷಣದಲ್ಲಿ ಗಣಿತ ಮತ್ತು ಅರ್ಥಶಾಸ್ತ್ರದ ಕಠಿಣ ಅಭ್ಯಾಸವಿದೆ. ಕೊನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ನಿಜವಾದ ನೀತಿ ಸಮಸ್ಯೆಯೊಂದನ್ನು ಆರಿಸಿಕೊಂಡು ಪ್ರಬಂಧ ಬರೆಯಬೇಕು.

ರೋಗನಿದಾನದ ವಿಧಾನ

ಎಲ್ಲ ದೇಶಗಳಿಗೂ ಒಂದೇ ಬಗೆಯ ಸುಧಾರಣೆಗಳ ಪಟ್ಟಿಯನ್ನು ಕೊಡುವ ಪದ್ಧತಿಗೆ ಪ್ರತಿಯಾಗಿ ರಿಕಾರ್ಡೊ ಹೌಸ್‌ಮನ್, ಡ್ಯಾನಿ ರಾಡ್ರಿಕ್ ಮತ್ತು ಆಂಡ್ರೆಸ್ ವೆಲಾಸ್ಕೊ 2000ದ ದಶಕದ ಮಧ್ಯದಲ್ಲಿ ‘ಬೆಳವಣಿಗೆಯ ನಿದಾನ’ ಎಂಬ ವಿಧಾನವನ್ನು ಮುಂದಿಟ್ಟರು. ನಿದಾನವೆಂದರೆ ಇಲ್ಲಿ ವೈದ್ಯಶಾಸ್ತ್ರದ ಅರ್ಥದಲ್ಲಿ ರೋಗದ ಕಾರಣವನ್ನು ಗುರುತಿಸುವುದು. ಜ್ವರ ಎಲ್ಲರಿಗೂ ಒಂದೇ ತೆರನಾಗಿ ಕಂಡರೂ ಕಾರಣ ಬೇರೆ ಬೇರೆ. ಹಾಗೆಯೇ ಬಂಡವಾಳ ಹೂಡಿಕೆ ಕುಂಠಿತವಾಗಿರುವ ಎರಡು ದೇಶಗಳಲ್ಲಿ ಅಡ್ಡಿ ಒಂದೇ ಆಗಿರಬೇಕಾಗಿಲ್ಲ. ಇವರು ಕೊಟ್ಟ ಉದಾಹರಣೆಯಲ್ಲಿ ಬ್ರೆಜಿಲಿನಲ್ಲಿ ಲಾಭದ ಅವಕಾಶಗಳು ಬೇಕಾದಷ್ಟಿದ್ದವು, ಸಾಲ ಮಾತ್ರ ದುಬಾರಿ. ಎಲ್ ಸಾಲ್ವಡೋರಿನಲ್ಲಿ ಸಾಲದ ಅಭಾವವಿರಲಿಲ್ಲ, ಹಣ ಹೂಡಬಹುದಾದ ಹೊಸ ಉದ್ಯಮಗಳೇ ಕಾಣಿಸುತ್ತಿರಲಿಲ್ಲ. ಎರಡನೆಯ ದೇಶದಲ್ಲಿ ಬ್ಯಾಂಕು ಸುಧಾರಣೆ ಮಾಡಿದರೆ ಅದು ನೀರಿರುವ ಬಾವಿಗೆ ಮತ್ತಷ್ಟು ನೀರು ಹೊಯ್ದಂತೆ.

ಕೇಂದ್ರದ ‘ಗ್ರೋತ್ ಲ್ಯಾಬ್’ ಸಿದ್ಧಪಡಿಸಿದ ಆರ್ಥಿಕ ಸಂಕೀರ್ಣತೆಯ ಅಟ್ಲಾಸ್ 2011ರಲ್ಲಿ ಹೊರಬಂದಿತು. ಹೌಸ್‌ಮನ್ ಮತ್ತು ಸೀಸರ್ ಹಿಡಾಲ್ಗೊ ಅವರ ಸಂಶೋಧನೆಯೇ ಇದರ ಆಧಾರ. ಒಂದು ದೇಶ ಏನೇನು ರಫ್ತು ಮಾಡುತ್ತದೆ ಎಂಬುದರಿಂದ ಆ ದೇಶದವರ ಒಟ್ಟು ಕೌಶಲವನ್ನು ಊಹಿಸಬಹುದೆಂಬುದು ಇವರ ನಿಲುವು. ಅಕ್ಷರಗಳು ಹೆಚ್ಚಿದಷ್ಟೂ ಕಟ್ಟಬಹುದಾದ ಪದಗಳು ಹೆಚ್ಚುತ್ತವೆ ಎಂಬ ಹೋಲಿಕೆಯನ್ನು ಇದಕ್ಕೆ ಕೊಡುತ್ತಾರೆ.

ಅನುಕರಣೆ ಮತ್ತು ಸಾಮರ್ಥ್ಯ

ಲ್ಯಾಂಟ್ ಪ್ರಿಚೆಟ್, ಮ್ಯಾಟ್ ಆಂಡ್ರ್ಯೂಸ್ ಮತ್ತು ಮೈಕೆಲ್ ವುಲ್ಕಾಕ್ ಇನ್ನೊಂದು ದಿಕ್ಕಿನಿಂದ ಪ್ರಶ್ನೆಯನ್ನೆತ್ತಿದರು. ನೀತಿ ಒಳ್ಳೆಯದೇ ಇದ್ದರೂ ಅದನ್ನು ಜಾರಿಗೊಳಿಸುವ ಶಕ್ತಿ ಸರ್ಕಾರಕ್ಕೆ ಇಲ್ಲದಿದ್ದರೆ ಗತಿಯೇನು? ನಿರಪಾಯದ ಕೆಲವು ಹಾವುಗಳು ವಿಷದ ಹಾವಿನ ಪಟ್ಟೆಗಳನ್ನು ಹೊದ್ದು ಬದುಕುತ್ತವೆ. ನಮ್ಮ ಕಡೆ ಕಟ್ಟುಹಾವನ್ನು ಹೋಲುವ ತೋಳಹಾವನ್ನು ನೆನೆಯಬಹುದು. ಅದೇ ರೀತಿ ಅನೇಕ ದೇಶಗಳು ದಾನಿಗಳ ಮೆಚ್ಚುಗೆಗಾಗಿ ಕಾನೂನು, ಆಯೋಗ, ಲೆಕ್ಕಪರಿಶೋಧನೆ ಎಂಬ ಹೊರ ರೂಪಗಳನ್ನು ತಳೆಯುತ್ತವೆ, ಒಳಗೆ ಕೆಲಸ ನಡೆಯುವುದಿಲ್ಲ. ಇದಕ್ಕೆ ಪರ್ಯಾಯವಾಗಿ, ಸ್ಥಳೀಯ ಅಧಿಕಾರಿಗಳೇ ಸಮಸ್ಯೆಯನ್ನು ಗುರುತಿಸಿ, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಪ್ರಯತ್ನಿಸಿ, ತಪ್ಪಿದಲ್ಲಿ ತಿದ್ದಿಕೊಳ್ಳುತ್ತ ಹೋಗುವ ಕ್ರಮವನ್ನು ಮೂವರೂ 2017ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ. ಹೊರಗಿನ ತಜ್ಞನು ಇಲ್ಲಿ ಉತ್ತರ ಹೇಳುವವನಾಗಿ ಉಳಿಯದೆ ಪ್ರಶ್ನೆ ಕೇಳುವವನಾಗುತ್ತಾನೆ.

ಪ್ರಿಚೆಟ್ 2009ರ ಪ್ರಬಂಧವೊಂದರಲ್ಲಿ ಭಾರತದ ಆಡಳಿತವನ್ನು ಈ ದೃಷ್ಟಿಯಿಂದ ಪರಿಶೀಲಿಸಿದರು. ಅವರ ಪ್ರಕಾರ ಭಾರತ ವಿಫಲ ರಾಜ್ಯವಲ್ಲ. ಅದರ ತಲೆ, ಅಂದರೆ ದೆಹಲಿ ಮತ್ತು ರಾಜಧಾನಿಗಳ ಉನ್ನತ ಸಂಸ್ಥೆಗಳು, ಚುರುಕಾಗಿದೆ. ಆದರೆ ತಲೆಯ ಆಜ್ಞೆ ಕೈಕಾಲುಗಳನ್ನು ತಲುಪುವುದಿಲ್ಲ. ಶಾಲೆ, ಆರೋಗ್ಯ ಕೇಂದ್ರ, ಠಾಣೆಗಳಲ್ಲಿ ದಿನನಿತ್ಯ ಜನರಿಗೆ ಎದುರಾಗುವ ಆಡಳಿತವೇ ಈ ಕೈಕಾಲು. ಅವರು ಆಧರಿಸಿದ ಅಧ್ಯಯನಗಳಲ್ಲೊಂದು ದೆಹಲಿಯ ವಾಹನ ಚಾಲನಾ ಪರವಾನಗಿಗೆ ಸಂಬಂಧಿಸಿದ್ದು. ಮಧ್ಯವರ್ತಿಗಳ ಮೂಲಕ ಪರವಾನಗಿ ಪಡೆದವರಲ್ಲಿ ಬಹಳ ಮಂದಿಗೆ ವಾಹನ ನಡೆಸಲು ಬರುತ್ತಲೇ ಇರಲಿಲ್ಲ. ಭಾರತೀಯ ಓದುಗರಿಗೆ ಇದು ಆಶ್ಚರ್ಯದ ಸಂಗತಿಯೇನಲ್ಲ.

ಕ್ಷೇತ್ರ ಪ್ರಯೋಗಗಳು

ನೀತಿಯನ್ನು ಜಾರಿಗೊಳಿಸುವ ಮುನ್ನ ಅದನ್ನು ಕೆಲವು ಕಡೆ ಮಾತ್ರ ಪ್ರಯೋಗಿಸಿ, ಉಳಿದೆಡೆಗಳೊಡನೆ ಹೋಲಿಸಿ ನೋಡುವ ಪದ್ಧತಿ ಈಚಿನದು. ಇದರಲ್ಲಿ ಪ್ರಯೋಗದ ಸ್ಥಳಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಲಾಗುತ್ತದೆ.

ಆಗ ಕೆನಡಿ ಸ್ಕೂಲಿನಲ್ಲಿದ್ದ ರೋಹಿಣಿ ಪಾಂಡೆ ಮತ್ತು ಸಂಗಡಿಗರು ಗುಜರಾತಿನ ಮಾಲಿನ್ಯ ನಿಯಂತ್ರಣ ಮಂಡಳಿಯೊಡನೆ ನಡೆಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕಾರ್ಖಾನೆಯೇ ತನ್ನ ಮಾಲಿನ್ಯ ಪರಿಶೋಧಕನನ್ನು ಆರಿಸಿ ಸಂಬಳ ಕೊಡುತ್ತಿದ್ದಾಗ, ವರದಿಯ ಅಂಕಿಗಳು ಕಾನೂನಿನ ಮಿತಿಗಿಂತ ಸ್ವಲ್ಪವೇ ಕೆಳಗೆ ಬಂದು ನಿಲ್ಲುತ್ತಿದ್ದವು. ಪರಿಶೋಧಕನನ್ನು ಯಾದೃಚ್ಛಿಕವಾಗಿ ನೇಮಿಸಿ, ಸಾಮಾನ್ಯ ನಿಧಿಯಿಂದ ನಿಗದಿತ ಶುಲ್ಕ ಕೊಟ್ಟು, ಕೆಲವು ಅಳತೆಗಳನ್ನು ಮರುಪರೀಕ್ಷಿಸಿದಾಗ ವರದಿಗಳು ಸತ್ಯಕ್ಕೆ ಹತ್ತಿರವಾದವು. ಅಲ್ಲದೆ ಕಾರ್ಖಾನೆಗಳು ಮಾಲಿನ್ಯವನ್ನೂ ತಗ್ಗಿಸಿದವು. ಇಂಡೊನೇಷ್ಯಾದಲ್ಲಿ ರೇಮಾ ಹನ್ನಾ ಮತ್ತು ಸಹಲೇಖಕರು ರಿಯಾಯಿತಿ ಅಕ್ಕಿಯ ವಿತರಣೆಯನ್ನು ಅಧ್ಯಯನ ಮಾಡಿದರು. ಅರ್ಹ ಕುಟುಂಬಗಳಿಗೆ ಅವರ ಹಕ್ಕನ್ನು ತಿಳಿಸುವ ಕಾರ್ಡನ್ನು ಅಂಚೆಯಲ್ಲಿ ಕಳಿಸಿದ್ದರಿಂದಲೇ ಅವರಿಗೆ ತಲುಪುವ ಸಹಾಯಧನ ಸುಮಾರು ನಾಲ್ಕನೆಯ ಒಂದು ಭಾಗ ಹೆಚ್ಚಿತು. ಬಳಿಕ ಅಲ್ಲಿಯ ಸರ್ಕಾರ 1.5 ಕೋಟಿಗೂ ಮಿಕ್ಕಿದ ಕುಟುಂಬಗಳಿಗೆ ಕಾರ್ಡು ಹಂಚಿತು.

ಕರ್ನಾಟಕದ ಹಾಜರಾತಿ ಪ್ರಯೋಗ

ರೇಮಾ ಹನ್ನಾ ಮತ್ತು ಜೆ-ಪಾಲ್ ಸಂಸ್ಥೆಯ ಇಕ್ಬಾಲ್ ಧಾಲಿವಾಲ್ ಅವರ ಮತ್ತೊಂದು ಅಧ್ಯಯನ ಕರ್ನಾಟಕಕ್ಕೆ ಸಂಬಂಧಿಸಿದ್ದು. ಗ್ರಾಮೀಣ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿಯ ಗೈರುಹಾಜರಿಯನ್ನು ತಡೆಯಲು ರಾಜ್ಯ ಸರ್ಕಾರ ಬಯೋಮೆಟ್ರಿಕ್ ಯಂತ್ರವನ್ನು ಅಳವಡಿಸಲು ಮುಂದಾಯಿತು. ಐದು ಜಿಲ್ಲೆಗಳ 322 ಕೇಂದ್ರಗಳ ಪೈಕಿ 140ನ್ನು ಯಾದೃಚ್ಛಿಕವಾಗಿ ಆರಿಸಿ ಯಂತ್ರ ಇಡಲಾಯಿತು. ಸಿಬ್ಬಂದಿ ಬೆರಳಚ್ಚು ಒತ್ತಿದ ವಿವರ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ತಲುಪುತ್ತಿತ್ತು. ಯೋಚನೆ ಹೊರಗಿನಿಂದ ಬಂದುದಲ್ಲ, ಸರ್ಕಾರದ್ದೇ. ವಿದ್ವಾಂಸರ ಕೆಲಸ ಅಳೆಯುವುದಾಗಿತ್ತು.

ಫಲಿತಾಂಶ ಮಿಶ್ರವಾಗಿತ್ತು. ದಾದಿಯರು, ಪ್ರಯೋಗಾಲಯ ಸಹಾಯಕರು, ಔಷಧ ವಿತರಕರು ಇವರ ಹಾಜರಾತಿ ಸುಧಾರಿಸಿತು. ವೈದ್ಯರ ಹಾಜರಾತಿ ಸುಧಾರಿಸಲಿಲ್ಲ. ಯಂತ್ರವಿದ್ದ ಕೇಂದ್ರಗಳ ವ್ಯಾಪ್ತಿಯಲ್ಲಿ ಕಡಿಮೆ ತೂಕದ ಶಿಶುಗಳ ಜನನ ಗಮನಾರ್ಹವಾಗಿ ತಗ್ಗಿತು. ದಾದಿ ಇದ್ದರೆ ಬಸುರಿಯರ ತಪಾಸಣೆ ಸಕಾಲದಲ್ಲಿ ನಡೆಯುತ್ತದೆ ಎಂಬುದನ್ನು ಹಳ್ಳಿಯಲ್ಲಿ ಬಾಳಿದವರಿಗೆ ವಿವರಿಸಬೇಕಿಲ್ಲ. ಇಷ್ಟಾದರೂ ಗೈರುಹಾಜರಾದವರ ರಜೆ ಕಡಿತಗೊಳಿಸುವ ದಂಡನೆಯನ್ನು ಮೇಲಧಿಕಾರಿಗಳು ಪೂರ್ಣವಾಗಿ ಜಾರಿಗೊಳಿಸಲಿಲ್ಲ. ಗ್ರಾಮಾಂತರಕ್ಕೆ ಬರುವ ವೈದ್ಯರೇ ವಿರಳ. ಬಿಗಿಮಾಡಿದರೆ ಇರುವವರೂ ಬಿಟ್ಟುಹೋದಾರೆಂಬ ಅಳುಕು ಇತ್ತು, ಸಿಬ್ಬಂದಿಯಲ್ಲಿ ಅಸಮಾಧಾನವೂ ಬೆಳೆಯಿತು. ಇದಕ್ಕೂ ಮೊದಲು ರಾಜಸ್ಥಾನದ ಉದಯಪುರದಲ್ಲಿ ದಾದಿಯರ ಹಾಜರಾತಿ ಕುರಿತ ಇಂತಹುದೇ ಪ್ರಯೋಗವು ಮೊದಲಿಗೆ ಫಲಿಸಿ, ವಿನಾಯಿತಿಗಳನ್ನು ಕೊಡುತ್ತ ಹೋದಂತೆ ನಿಷ್ಫಲವಾಗಿತ್ತು. ತನ್ನದೇ ಉದ್ಯೋಗಿಗಳ ಮೇಲಿನ ಆಡಳಿತದ ಹಿಡಿತ ಎಷ್ಟು ತೆಳುವಾದದ್ದು ಎಂಬುದಕ್ಕೆ ಕರ್ನಾಟಕದ ಅಧ್ಯಯನ ಅಂಕಿಸಂಖ್ಯೆಗಳ ಸಾಕ್ಷ್ಯ ಒದಗಿಸುತ್ತದೆ. ಹಾಜರಿ ಪುಸ್ತಕದಲ್ಲಿ ಸಹಿ ಇದ್ದು ಕುರ್ಚಿ ಖಾಲಿ ಇರುವುದು ಆರೋಗ್ಯ ಇಲಾಖೆಯೊಂದಕ್ಕೇ ಸೀಮಿತವಾದ ವಿಷಯವೂ ಅಲ್ಲ.

ಟೀಕೆಗಳು

ಹೆಚ್ಚಿನ ಶುಲ್ಕದಿಂದಾಗಿ ಬಡ ದೇಶಗಳ ಬಡವರಿಗೆ ಈ ಸಂಸ್ಥೆ ಎಟುಕುವುದಿಲ್ಲ, ಆ ದೇಶಗಳ ಅನುಕೂಲಸ್ಥ ವರ್ಗಕ್ಕೇ ಹೆಚ್ಚಾಗಿ ಒದಗುತ್ತದೆ ಎಂಬ ಆಕ್ಷೇಪವಿದೆ. ವಿದ್ಯಾರ್ಥಿವೇತನಗಳಿದ್ದರೂ ಎಲ್ಲರಿಗೂ ಸಾಲುವುದಿಲ್ಲ. ಯಾದೃಚ್ಛಿಕ ಪ್ರಯೋಗಗಳು ಸಣ್ಣ ಪ್ರಶ್ನೆಗಳಿಗೆ ಖಚಿತ ಉತ್ತರ ನೀಡುತ್ತವೆಯೇ ಹೊರತು ದೇಶ ಹೇಗೆ ಶ್ರೀಮಂತವಾಗುತ್ತದೆಂಬ ದೊಡ್ಡ ಪ್ರಶ್ನೆಯನ್ನು ಮುಟ್ಟುವುದಿಲ್ಲವೆಂದು ಟೀಕಿಸಿದವರಲ್ಲಿ ಇಲ್ಲಿಯವರೇ ಆಗಿದ್ದ ಪ್ರಿಚೆಟ್ ಪ್ರಮುಖರು. ಒಂದೇ ಸಂಸ್ಥೆಯೊಳಗೆ ಇಷ್ಟು ಭಿನ್ನಮತ ಇರುವುದು ಅದರ ಆರೋಗ್ಯದ ಲಕ್ಷಣವೆನ್ನಬಹುದು. 2023ರ ಆರಂಭದಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ಮಾಜಿ ಮುಖ್ಯಸ್ಥ ಕೆನೆತ್ ರಾತ್ ಅವರಿಗೆ ಕಾರ್ ಕೇಂದ್ರದ ಫೆಲೋಶಿಪ್ ನಿರಾಕರಿಸಿದ ನಿರ್ಧಾರ ವಿವಾದಕ್ಕೀಡಾಯಿತು. ಡೀನ್ ಅದನ್ನು ಬಳಿಕ ಹಿಂತೆಗೆದುಕೊಂಡರು.

2025ರ ಬೆಳವಣಿಗೆಗಳು

ಕೆನಡಿ ಸ್ಕೂಲಿನ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರದೇಶಗಳವರು. 2025ರ ಮೇ 22ರಂದು ಅಮೆರಿಕ ಸರ್ಕಾರವು ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಾರ್ವರ್ಡಿನ ಅಧಿಕಾರವನ್ನು ರದ್ದುಪಡಿಸಿತು. ಮರುದಿನವೇ ನ್ಯಾಯಾಲಯ ಇದಕ್ಕೆ ತಡೆ ನೀಡಿತು. ಅದೇ ವರ್ಷದ ಜುಲೈ 1ರಂದು ಯುಎಸ್‌ಏಡ್ ಸ್ವತಂತ್ರ ಸಂಸ್ಥೆಯಾಗಿ ಕೊನೆಗೊಂಡು, ಅದರ ಉಳಿದ ಕೆಲಸಗಳು ವಿದೇಶಾಂಗ ಇಲಾಖೆಗೆ ಸೇರಿದವು. ಅಭಿವೃದ್ಧಿಯ ಪದವಿ ಪಡೆದವರಿಗೆ ಉದ್ಯೋಗ ನೀಡುತ್ತಿದ್ದ ದೊಡ್ಡ ಕ್ಷೇತ್ರವೊಂದು ಇದರಿಂದ ಹಠಾತ್ತನೆ ಕುಗ್ಗಿತು. ವೀಸಾ ದೊರೆಯದೆ ಅಮೆರಿಕಕ್ಕೆ ಮರಳಲಾಗದ ವಿದ್ಯಾರ್ಥಿಗಳು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಮಂಕ್ ಸ್ಕೂಲಿನಲ್ಲಿ ಓದನ್ನು ಮುಂದುವರಿಸಲು ಅನುವಾಗುವಂತೆ ಎರಡೂ ಸಂಸ್ಥೆಗಳು ಜೂನ್ ತಿಂಗಳಿನಲ್ಲಿ ಬದಲಿ ಏರ್ಪಾಟೊಂದನ್ನು ಪ್ರಕಟಿಸಿದ್ದವು.